ಅಳತೆಯ ದಾರ

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನೆದುರು ಒಬ್ಬ ದರ್ಜಿ ಇದ್ದ. ಹೆಂಡತಿ ಅವನನ್ನು ಬಿಟ್ಟು, ಕೈಗೂಸನ್ನು ಎತ್ತಿಕೊಂಡು ಅರಕಲಗೂಡಿನ ತವರು ಸೇರಿದ್ದಳು. ಮಗಳಿಗೆ ವರ್ಷಕ್ಕೆರಡು ಜೊತೆ ಬಟ್ಟೆ ಅವನೇ ಹೊಲಿದು ಕೊಡಬೇಕೆಂದು ಪಂಚಾಯ್ತಿಯಲ್ಲಿ ತೀರ್ಮಾನವಾಗಿತ್ತು. ಆ ದಾರಿಯ ಬಸ್ಸು ಓಡಿಸುತ್ತಿದ್ದವನು ನಾನು. ಬಟ್ಟೆ ಎಲ್ಲಿ ಅಂತ ವರ್ಷಗಟ್ಟಲೆ ನಾನು ಕೇಳಿದಾಗಲೆಲ್ಲ ಅವನು ತಲೆ ಎತ್ತದೆ, "ಅಳತೆ ಬರ್ಲಿ ಕಣಣ್ಣ, ಒಲ್ಕೊಡ್ತೀನಿ," ಅನ್ನುತ್ತಿದ್ದ.

ಮಗಳ ಎತ್ತರಕ್ಕೆ, ಸೊಂಟಕ್ಕೆ ಗಂಟು ಹಾಕಿದ ದಾರವನ್ನು ತಾಯಿ ನನ್ನ ಕೈಲಿ ಕಳಿಸಿದಳು. ಅವನು ಅದನ್ನು ಟೇಪಿಗೆ ಹಿಡಿದು ನಕ್ಕ. "ನನ್ ಮಗ್ಳು ಇಷ್ಟುದ್ದ ಎಲ್ಲವ್ಳೆ? ಇದು ನನ್ ಎಂಡ್ತಿ ತಂಗಿ ಅಳತೆ."

ಮೂರು ಸಲ ದಾರ ತಂದುಕೊಟ್ಟೆ, ಮೂರು ಸಲವೂ ಇದೇ ಮಾತು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೂ ಮಕ್ಕಳು ಬೆಳೆಯುತ್ತವೆ ಅಂತ ಗೊತ್ತಿತ್ತು. ಊರಿಗೆಲ್ಲ ಅಳತೆ ತೆಗೆಯುವವನಿಗೆ ಗೊತ್ತಿರಲಿಲ್ಲ.

ರೋಸಿಹೋಗಿ, ತಾಯಿಗೆ ಹೇಳಿ ಹುಡುಗಿಯನ್ನೇ ಕರೆತಂದು ಅವನ ಮುಂದೆ ನಿಲ್ಲಿಸಿದೆ.

ಟೇಪು ಬಿಚ್ಚುತ್ತಾ, "ಯಾರ್ ಮನೆ ಮಗೀನವ್ವಾ ನೀನು?" ಅಂದ.

"ನಿಂದೇ ಕಣಯ್ಯ," ಅಂದೆ ನಾನು.

ಅವನ ಕೈ ಹಾಗೇ ನಿಂತಿತು. ಹುಡುಗಿ ತಾನೇ ತೋಳು ಚಾಚಿದಳು.

"ಒಳಗಡೆ ಬಟ್ಟೆ ಜಾಸ್ತಿ ಮಡ್ಚಿ ಒಲಿಯಪ್ಪ. ಇನ್ನೂ ಬೆಳೀತೀನಿ."