ಪಂಚಮಿಯ ಅರವತ್ತು ರೂಪಾಯಿ

ಶಾರವ್ವನ ತಿಂಗಳಿಗೆ ಮೂವತ್ತು ದಿನಗಳಿರಲಿಲ್ಲ, ನಾಲ್ಕು ಸೀರೆಗಳಿದ್ದವು. ಆಕೆಯ ಗಂಡ ಅಂದಪ್ಪ ಇಳಕಲ್ಲಿನ ನಮ್ಮ ಓಣಿಯಲ್ಲಿ ಕುಣಿಮಗ್ಗದಲ್ಲಿ ಕುಳಿತು ನೇಯುತ್ತಿದ್ದ. ವಾರಕ್ಕೊಂದು ಸೀರೆ ಇಳಿಯುತ್ತಿತ್ತು, ಒಂದಕ್ಕೆ ನಲವತ್ತು ರೂಪಾಯಿ ಮಜೂರಿ. ಮೊದಲ ಸೀರೆಯ ರೊಕ್ಕ ಜೋಳಕ್ಕೆ, ಬೇಳೆಗೆ. ಎರಡನೆಯದು ಮನೆಬಾಡಿಗೆಗೆ, ಎಣ್ಣೆಗೆ. ಮೂರನೆಯದರಲ್ಲಿ ಕಾಲು ಭಾಗ ಸಾಲಕ್ಕೆ, ಉಳಿದದ್ದು ಕಿರಾಣಿ ಅಂಗಡಿಯ ಉದ್ರಿಗೆ. ನಾಲ್ಕನೆಯದು ಅರಿವೆಗೆ, ದವಾಖಾನೆಗೆ, ಬಂದುಹೋಗುವವರಿಗೆ.

ಮಳೆಗಾಲದಲ್ಲಿ ಮಗ್ಗದ ಕುಣಿಯಲ್ಲಿ ನೀರು ಒಸರಿ, ನೂಲು ತಂಪು ಹಿಡಿದು, ನಾಲ್ಕನೆಯ ಸೀರೆ ಇಳಿಯುವ ಹೊತ್ತಿಗೆ ನಲವತ್ತು ದಿನವಾಗುತ್ತಿತ್ತು. ಆಗ ಆಕೆಯ ತಿಂಗಳೂ ನಲವತ್ತು ದಿನದ್ದು. "ಈ ತಿಂಗಳ ಇನ್ನೂ ಮುಗಿದಿಲ್ರಿ" ಎಂದು ಮನೆಯ ಮಾಲಕರಿಗೆ ಹೇಳುತ್ತಿದ್ದಳು. ಅವರೂ ಒಪ್ಪಿ ಹೋಗುತ್ತಿದ್ದರು.

ಸಾಲ ಸಾವುಕಾರ ಈರಪ್ಪನವರದು. ನೂಲು ಕೊಡುವವರೂ ಸೀರೆ ಒಯ್ಯುವವರೂ ಅವರೇ. ಅತ್ತೆಯ ಕಾಯಿಲೆಗೆಂದು ತಂದ ಮುಂಗಡ ಆರುನೂರು ರೂಪಾಯಿ. ಬಡ್ಡಿ ಇರಲಿಲ್ಲ, ಬೈಗುಳವೂ ಇರಲಿಲ್ಲ. ಕರಾರು ಒಂದೇ: ಮುಂಗಡ ತೀರುವವರೆಗೆ ಬೇರೆಯವರ ನೂಲು ಆ ಮಗ್ಗಕ್ಕೆ ಏರಬಾರದು. ನೇಕಾರರ ಸೊಸೈಟಿಯಲ್ಲಿ ಅದೇ ಸೀರೆಗೆ ಐವತ್ತು ಕೊಡುತ್ತಿದ್ದರು. ತಿಂಗಳಿಗೆ ನಲವತ್ತು ಹೆಚ್ಚು. ಶಾರವ್ವನ ಲೆಕ್ಕದಲ್ಲಿ ಅದು ಐದನೆಯ ಸೀರೆ, ಅಂದಪ್ಪ ಮಗ್ಗದಲ್ಲಿ ಒಂದು ಗಳಿಗೆಯೂ ಹೆಚ್ಚು ಕೂರದೆ ಬರುವಂಥದು. ಆಕೆಗೆ ಬೇಕಿದ್ದದ್ದು ಅದೊಂದೇ.

1979ರ ಯುಗಾದಿಗೆ ಸಾವುಕಾರರ ಮನೆಗೆ ಹೋಗಿಬಂದ ಅಂದಪ್ಪ ಸಮಾಧಾನದಿಂದ ಹೇಳಿದ, "ಆರನೂರ ಐತಿ. ಒಂದ ರೂಪಾಯಿನೂ ಏರಿಲ್ಲ."

"ಹ್ವಾದ ವರ್ಷ ಎಷ್ಟಿತ್ರಿ?"

"ಆರನೂರ."

"ಅದರ ಹಿಂದಿನ ವರ್ಷ?"

ಅಂದಪ್ಪ ಮಗ್ಗಕ್ಕಿಳಿದ.

ಶಾರವ್ವ ರೊಟ್ಟಿ ಬಡಿಯುತ್ತಲೇ ಲೆಕ್ಕ ಹಾಕಿದಳು. ತಿಂಗಳಿಗೆ ಹತ್ತರಂತೆ ವರ್ಷಕ್ಕೆ ನೂರಾ ಇಪ್ಪತ್ತು ಕೊಡುತ್ತಿದ್ದರು. ನಾಗರ ಪಂಚಮಿಗೆ ಅರವತ್ತು, ದೀಪಾವಳಿಗೆ ಅರವತ್ತು ರೂಪಾಯಿಯನ್ನು ಸಾವುಕಾರರು ತಾವಾಗಿಯೇ ಕಳಿಸುತ್ತಿದ್ದರು. ಹಬ್ಬದ ಖರ್ಚಿಗೆಂದು ಎಲ್ಲ ನೇಕಾರರಿಗೂ ಕಳಿಸುವ ರೂಢಿ ಅದು. ಬೇಡ ಎಂದರೆ ಅವರಿಗೆ ಅವಮಾನ ಮಾಡಿದಂತೆ. ಆ ರೊಕ್ಕವೂ ಮುಂಗಡಕ್ಕೇ ಸೇರುತ್ತಿತ್ತು.

ಆ ತಿಂಗಳಿಂದ ಮೂರನೆಯ ಸೀರೆಯ ಅರ್ಧ, ಅಂದರೆ ಇಪ್ಪತ್ತು, ಸಾಲಕ್ಕೆ ಹೋಯಿತು. ಚಹಾಕ್ಕೆ ಸಕ್ಕರೆ ಹೋಗಿ ಬೆಲ್ಲ ಬಂತು. ಪಂಚಮಿಯ ಹೊತ್ತಿಗೆ ಸಾಲ ಐದುನೂರಾ ಇಪ್ಪತ್ತಕ್ಕೆ ಇಳಿದಿತ್ತು.

ಪಂಚಮಿಗೆ ಕೆರೂರಿನಿಂದ ಅಂದಪ್ಪನ ಅಕ್ಕ ಹನಮವ್ವ ಬಂದಳು. ಮದುವೆಯಾದಾಗಿನಿಂದ ತವರಿನ ಒಂದು ಪಂಚಮಿಯನ್ನೂ ಆಕೆ ತಪ್ಪಿಸಿರಲಿಲ್ಲ. ಬಂದವಳೇ ಉಂಡಿಯ ಡಬ್ಬಿ ತೆರೆದಳು.

"ಬರೇ ಶೇಂಗಾ ಉಂಡಿ, ಅಳ್ಳಿಟ್ಟು. ರವಾ ಉಂಡಿ ಎಲ್ಲೆವ? ಬೇಸನುಂಡಿ ಎಲ್ಲೆವ?"

"ಈ ಸಲ ಇಷ್ಟರೀ ಅಕ್ಕಾರ."

"ನಾ ತವರಮನಿಗಿ ಬಂದೇನೋ, ಪಥ್ಯಾ ಮಾಡಾಕ ದವಾಖಾನಿಗಿ ಬಂದೇನೋ?"

ಅಂದಪ್ಪ ಎದ್ದು ಚಪ್ಪಲಿ ಮೆಟ್ಟಿದ. "ಸಾವುಕಾರ್ರ ಕಡೆ ಹೋಗಿ ಬರ್ತೇನಿ."

"ಅರವತ್ತ ತಂದ್ರ ಮೂರ ತಿಂಗಳ ಕೊಟ್ಟದ್ದು ನೀರಾಗ ಹ್ವಾದಂಗ್ರಿ" ಎಂದಳು ಶಾರವ್ವ.

"ಅಕ್ಕಗ ಒಂದ ಖಣಾ ಸೈತ ಕೊಡದ ಕಳಿಸೂದೇನು?"

"ಏನದು ಅರವತ್ತು?" ಹನಮವ್ವ ಕೇಳಿದಳು.

ಶಾರವ್ವ ಮುಚ್ಚಿಡಲಿಲ್ಲ. "ನಿಮಗ ವರ್ಷಾ ಕೊಡೂ ಕುಬಸದ ಖಣ, ಉಂಡಿ, ಎಲ್ಲಾ ಸಾವುಕಾರ್ರ ಅರವತ್ತರಾಗಿಂದರಿ. ಅದು ಸಾಲಕ್ಕ ಕೂಡತೈತಿ."

"ಎಷ್ಟ ವರ್ಷಾತು?"

"ಅತ್ತಿಯವರು ಹ್ವಾದ ಮ್ಯಾಲ ಐದ ಪಂಚಮಿ."

ಹನಮವ್ವ ಬಾಯಲ್ಲಿದ್ದ ಉಂಡಿಯನ್ನು ನಿಧಾನವಾಗಿ ನುಂಗಿದಳು. "ಹಂಗಾರ ಐದೂ ಖಣ ನಾ ಉದ್ರಿಲೆ ತೊಟ್ಟೇನಿ. ನಮ್ಮ ಅತ್ತಿ ಮುಂದ ಎಷ್ಟ ಮೆರದೇನವಾ."

ಅಷ್ಟರಲ್ಲಿ ಸಾವುಕಾರರ ಗುಮಾಸ್ತ ಇಮಾಮಸಾಬ ಬಾಗಿಲಿಗೆ ಬಂದ. ಒಂದು ಕೈಯಲ್ಲಿ ಬೆಲ್ಲದ ಪೊಟ್ಟಣ, ಇನ್ನೊಂದರಲ್ಲಿ ನೋಟುಗಳು. ಅಂದಪ್ಪ ಒಮ್ಮೆ ಹೆಂಡತಿಯ ಮುಖ ನೋಡಿದ, ಮತ್ತೆ ನೆಲ ನೋಡಿದ. ಬೇಡ ಎನ್ನುವ ಬಾಯಿ ಆತನಿಗಿರಲಿಲ್ಲ. ಶಾರವ್ವ ಅಂದರೂ ಅದು ಅಂದಪ್ಪನೇ ಅಂದಂತೆ. ಹನಮವ್ವ ಸೆರಗು ಹೊದ್ದು ಇಬ್ಬರಿಗಿಂತ ಮೊದಲು ಹೊಸ್ತಿಲಿಗೆ ಹೋದಳು.

"ಇಮಾಮಕಾಕಾ, ಈ ರೊಕ್ಕ ಯಾರ ಸಲುವಾಗಿ?"

"ನಿನ್ನ ಸಲುವಾಗೇ ಅಲ್ಲೇನವಾ? ಮನಿಮಗಳು ಬರ್ತಾಳಂತ ಸಾವುಕಾರ್ರಿಗಿ ಗೊತ್ತೈತಿ."

"ಹಂಗಾರ ನನಗ ಮುಟ್ಟಿತು ಅಂತ ಹೇಳು. ಬೆಲ್ಲ ಇಟಗೋತೇನಿ. ರೊಕ್ಕ ನಾನ ತಿರುಗಿ ಕಳಿಸೇನಿ ಅನ್ನು."

"ಸಿಟ್ಟಾಗ್ತಾರವಾ ಅವರು."

"ನೇಕಾರ ಬ್ಯಾಡಂದ್ರ ಸಿಟ್ಟಾಗ್ಲಿ. ತವರಿಗಿ ಬಂದ ಮಗಳ ಮ್ಯಾಲ ಯಾರ ಸಿಟ್ಟಾಗ್ತಾರ?"

ಇಮಾಮಸಾಬ ತುಸು ಯೋಚಿಸಿದ. ಆಮೇಲೆ ನೋಟುಗಳನ್ನು ಮಡಚಿ ಜೇಬಿಗೆ ಹಾಕಿದ. "ಅದೂ ಖರೆ ಬಿಡು. ಒಂದ ಉಂಡಿರೆ ಕೊಡ ಹಂಗಾರ" ಎಂದು ಕಟ್ಟೆಯ ಮೇಲೆ ಕುಳಿತ.

ಸಾವುಕಾರರು ಆ ದೀಪಾವಳಿಗೆ ರೊಕ್ಕ ಕಳಿಸಲಿಲ್ಲ, ಮುಂದಿನ ಹಬ್ಬಗಳಿಗೂ ಕಳಿಸಲಿಲ್ಲ. ಬೇಸರವಾಯಿತೋ, ತಿಳಿದುಕೊಂಡರೋ, ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನೂಲನ್ನು ಮಾತ್ರ ಮೊದಲಿನಂತೆಯೇ ಸರಿಯಾಗಿ ತೂಗಿ ಕೊಟ್ಟರು. ಮುಂದಿನ ಎರಡು ಪಂಚಮಿಗೂ ಹನಮವ್ವ ಬಂದಳು, ಖಣವಿಲ್ಲದೆ ಹೋದಳು. ನಡುವಿನ ಮಳೆಗಾಲಗಳಲ್ಲಿ ಒಟ್ಟು ನಾಲ್ಕು ಕಂತು ತಪ್ಪಿದವು. 1982ರ ಸಂಕ್ರಾಂತಿ ಮುಗಿದ ಮೇಲೆ ಅಂದಪ್ಪ ಕೊನೆಯ ಇಪ್ಪತ್ತು ಕೊಟ್ಟುಬಂದ. ಸಾವುಕಾರರು ಚಹಾ ಕುಡಿಸಿ, "ಮಗ್ಗ ಖಾಲಿ ಬಿಡಬ್ಯಾಡಪಾ" ಎಂದಷ್ಟೇ ಹೇಳಿದರಂತೆ.

ಸೊಸೈಟಿಯ ನೂಲು ಸೋಮವಾರ ಸಿಗುವುದಿತ್ತು. ಅಂದಪ್ಪ ಮನೆಗೆ ಬಂದು, ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿ, ಹಾಡಹಗಲೇ ಮಲಗಿದ. ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಒಂದು ಮಗ್ಗ ನಿಂತರೂ ನಾಲ್ಕು ಮನೆಗೆ ತಿಳಿಯುತ್ತಿತ್ತು. ಸದ್ದಿಲ್ಲದ್ದನ್ನು ಗಮನಿಸಿ ಪಕ್ಕದ ಮನೆಯ ಲಾಡಬಿ ಗಾಬರಿಯಿಂದ ಬಂದಳು.

"ಯಾರಿಗಿ ಆರಾಮಿಲ್ಲ ಶಾರವ್ವಾ?"

"ಎಲ್ಲಾರೂ ಆರಾಮ ಅದೀವಿ. ಮಲಗ್ಯಾರ."

ಲಾಡಬಿ ಒಳಗೆ ಇಣುಕಿ ನೋಡಿದಳು. ಸದ್ದು ಮಾಡದೆ, ಶಾರವ್ವನ ಮುಂದಿದ್ದ ಮೊರದಿಂದ ಒಂದು ಬೊಗಸೆ ಜೋಳ ಎಳೆದುಕೊಂಡು, ಹಸನು ಮಾಡುತ್ತ ಕುಳಿತಳು. ಸಂಜೆಯವರೆಗೆ ಅವರಿಬ್ಬರೂ ಆತನನ್ನು ಎಬ್ಬಿಸಲಿಲ್ಲ, ಬೇರೆ ಯಾರನ್ನೂ ಎಬ್ಬಿಸಗೊಡಲಿಲ್ಲ.