ಪರದೆಯ ಕೆಳಗುಳಿದ ಕಮಲಾಪುರ

ಟೆಲಿಫೋನ್ ಇಲಾಖೆಯ ನಮ್ಮ ಸಾಹೇಬರು ಬಲಗೈ ಕಿರುಬೆರಳಿನ ಉಗುರನ್ನು ಉದ್ದಕ್ಕೆ ಬೆಳೆಸಿದ್ದರು. ಕಂಪ್ಯೂಟರಿನ ಗಾಜಿನ ಮೇಲೆ ಅದನ್ನು ಕರಕರ ಎಳೆದೇ ಊರುಗಳನ್ನು ತೋರಿಸುತ್ತಿದ್ದರು. ಆ ಸದ್ದು ನೆನೆದರೆ ಇಂದಿಗೂ ನನಗೆ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಕಲಬುರಗಿಯಿಂದ ಹೊರಟು, ಸುತ್ತಲಿನ ಊರುಗಳನ್ನು ಹಾದು, ಬಳೆಯಂತೆ ಮತ್ತೆ ಕಲಬುರಗಿಗೇ ಬಂದು ಸೇರುವ ಆಪ್ಟಿಕಲ್ ಫೈಬರ್ ಕೇಬಲ್ ಆಗತಾನೆ ಸಿದ್ಧವಾಗಿತ್ತು. ಒಂದು ಕಡೆ ತುಂಡಾದರೆ ಫೋನಿನ ಮಾತು ಇನ್ನೊಂದು ಕಡೆಯಿಂದ ಸುತ್ತಿ ಹೋಗುತ್ತಿತ್ತು. ಪ್ರತಿ ಊರಿನ ಉಪಕರಣಕ್ಕೂ ಒಂದೊಂದು ಐಪಿ ವಿಳಾಸ, ಅಂದರೆ ಗುರುತಿನ ಅಂಕಿ, ಕೊಡಬೇಕಿತ್ತು. ಆ ಅಂಕಿಗಳ ಕ್ರಮದಲ್ಲೇ ಊರುಗಳು ನಮ್ಮ ಪರದೆಯ ಮೇಲೆ ಸಾಲಾಗಿ ಬರುತ್ತಿದ್ದವು. ಕೇಬಲ್ ಹೋದ ದಾರಿಯಂತೆಯೇ ಅಂಕಿ ಕೊಡೋಣ ಎಂದೆ. ಸಾಹೇಬರಿಗೆ ರುಚಿಸಲಿಲ್ಲ.

“ನಂಬರ್ ಅಂದ್ರ ಮರ್ಯಾದಿ. ಯಾರಿಗಿ ಎಷ್ಟು ಕೊಡಬೇಕು ಅನ್ನೋದು ನನಗ ಗೊತ್ತದ,” ಎಂದರು.

ಮೊದಲನೆಯದು ಕಲಬುರಗಿಯಲ್ಲಿ ಅವರು ಕೂರುವ ನಮ್ಮ ಆಫೀಸಿಗೆ. ಎರಡನೆಯದು ನಂದೂರಿಗೆ, ಅಲ್ಲಿನ ದಾಲ್ ಮಿಲ್ಲಿನವರು ಅವರನ್ನು ಕುರ್ಚಿ ಹಾಕಿ ಕೂರಿಸುತ್ತಿದ್ದರು. ಕಮಲಾಪುರಕ್ಕೆ ಕಟ್ಟಕಡೆಯದು. ಹಿಂದೆ ಅವರು ಅಲ್ಲಿ ಕಿರಿಯ ಅಧಿಕಾರಿಯಾಗಿದ್ದಾಗ ಜನ ಕೆಟ್ಟುಹೋದ ಫೋನುಗಳನ್ನು ತಂದು ಅವರ ಮೇಜಿನ ಮೇಲೆ ಸುರಿದಿದ್ದರಂತೆ. ಆ ಸಿಟ್ಟನ್ನು ಇಷ್ಟು ವರ್ಷ ಸಾಕಿಕೊಂಡಿದ್ದ ಸಣ್ಣ ಮನುಷ್ಯ. ಪರದೆಯಲ್ಲಿ ಎಲ್ಲ ಊರುಗಳೂ ಒಮ್ಮೆಲೇ ಹಿಡಿಯುತ್ತಿರಲಿಲ್ಲ. ಕೆಳಗೆ ಸರಿಸಿದರೆ ಮಾತ್ರ ಕಮಲಾಪುರ ಕಾಣುತ್ತಿತ್ತು.

ಒಮ್ಮೆ ಕಮಲಾಪುರದ ಒಂದು ಬದಿಯ ಕೇಬಲ್ ತುಂಡಾಯಿತು. ಫೋನು ನಡೆಯುತ್ತಲೇ ಇದ್ದುದರಿಂದ ಯಾರೂ ದೂರಲಿಲ್ಲ. ನಾನು ಆಗ ನಂದೂರಿನಲ್ಲಿ ಕೇಬಲ್ ಕೆಲಸದ ಮೇಲಿದ್ದೆ. ಆಫೀಸಿನಲ್ಲಿ ಎಚ್ಚರಿಕೆಯ ಕೆಂಪು ಗುರುತು ಪರದೆಯ ಕೆಳಗೆ ಕೆಲವು ದಿನ ಯಾರ ಕಣ್ಣಿಗೂ ಬೀಳದೆ ಹಾಗೇ ಇತ್ತು. ಆಮೇಲೆ ರಸ್ತೆ ಅಗೆಯುವವರು ಇನ್ನೊಂದು ಬದಿಯನ್ನೂ ಕಡಿದರು. ಇಡೀ ಊರಿನ ಫೋನು ಸತ್ತುಹೋಯಿತು.

ಅದೇ ದಿನ ಕಮಲಾಪುರದಲ್ಲಿದ್ದ ನನ್ನ ಅಕ್ಕನಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಕಲಬುರಗಿಯ ಆಸ್ಪತ್ರೆಯಿಂದ ಗಾಡಿ ತರಿಸಲು ಭಾವ ಮನೆಮನೆಯ ಫೋನು ಎತ್ತಿ ನೋಡಿದ. ಕೊನೆಗೆ ಟೆಂಪೊ ಒಂದನ್ನು ಹುಡುಕಿ ಕರೆತರುವಷ್ಟರಲ್ಲಿ ಹೊತ್ತು ಮೀರಿತ್ತು. ಕೂಸು ಉಳಿಯಲಿಲ್ಲ.

ಇನ್ನಾದರೂ ಕಮಲಾಪುರದ ವಿಳಾಸ ಬದಲಿಸಿ ಎಂದು ಸಾಹೇಬರನ್ನು ಕೇಳಿದೆ. ಅವರು ತಲೆ ಎತ್ತಲಿಲ್ಲ.

“ಫೋನ್ ಇದ್ರ ಕೂಸು ಉಳಿತಿತ್ತು ಅಂತ ಯಾರು ಹೇಳ್ಯಾರ?”

ಬದಲಿಸಿದರೆ ತಪ್ಪು ಒಪ್ಪಿಕೊಂಡಂತಾಗುತ್ತಿತ್ತು. ಬದಲಿಸಲಿಲ್ಲ.

ಮುಂದೆ ಅವರು ನೌಕರಿಯಲ್ಲಿರುವಾಗಲೇ ಎದೆನೋವಿನಿಂದ ತೀರಿಕೊಂಡರು. ಆಫೀಸಿನವರೆಲ್ಲ ಹೂವಿನ ಹಾರ ಹಿಡಿದು ಅಂತ್ಯಕ್ರಿಯೆಗೆ ಹೊರಟರು. ಅಕ್ಕ ಕೂಡ ನನಗೆ, “ಮಣ್ಣಿಗಿ ಹೋಗಿ ಬಾರೋ. ಸತ್ತವರ ಮ್ಯಾಲ ಏನು ಸಿಟ್ಟು,” ಎಂದಳು.

ನಾನು ಹೋಗಲಿಲ್ಲ. ನಮ್ಮ ಆಫೀಸಿನ ವಿಳಾಸವನ್ನು ಕೊನೆಗೆ ತಳ್ಳಿದೆ. ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ, ಅಲ್ಲಿನ ಉಪಕರಣಕ್ಕೆ ಮೊದಲನೆಯದನ್ನು ಕೊಟ್ಟು ಬಂದೆ. ಮರುದಿನ ಪರದೆಯಲ್ಲಿ ಎಲ್ಲಕ್ಕಿಂತ ಮೇಲೆ ಕಮಲಾಪುರವಿತ್ತು. ಅಕ್ಕ ಆ ಮನುಷ್ಯನನ್ನು ಮನ್ನಿಸಿದ್ದಾಳೆ. ನಾನು ಮನ್ನಿಸಿಲ್ಲ.