ದೊಡ್ಡಮ್ಮ ಬಾಯಿ ಬಿಟ್ಟ ದಿನ

ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಹೊಟ್ಟೆಪಾಡಿಗೆ ಏನು ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ. ಸಭೆಗಳಿಗೆ ಹೋಗುತ್ತಾಳೆ. ಅವಳ ಸಭೆಗಳಿಗಲ್ಲ, ಕಂಡವರ ಸಭೆಗಳಿಗೆ. ಪಕ್ಕದಲ್ಲಿ ಕೂತು ಯಾರು ಏನೆಂದರು, ಕೊನೆಗೆ ಏನು ತೀರ್ಮಾನವಾಯಿತು ಎಂದು ಶೀಘ್ರಲಿಪಿಯಲ್ಲಿ ಬರೆದುಕೊಂಡು, ಮಾರನೇ ದಿನ ಚೊಕ್ಕವಾಗಿ ಟೈಪು ಮಾಡಿ ಕಳಿಸುತ್ತಾಳೆ. ಮೊದಲು ಒಬ್ಬ ವಕೀಲರ ಕಚೇರಿಯಲ್ಲಿದ್ದಳು. ಹನ್ನೊಂದು ವರ್ಷದ ಹಿಂದೆ ಆ ಪುಣ್ಯಾತ್ಮರು ಬಾಗಿಲು ಹಾಕಿದ ಮೇಲೆ ಯಾರ ಕೈಕೆಳಗೂ ಇಲ್ಲ, ಕರೆದಲ್ಲಿಗೆ ಹೋಗುವುದು, ಬರೆಯುವುದು, ಬರುವುದು.

ಅವಳ ನಡಾವಳಿಗಳನ್ನು ಓದುವುದೇ ಒಂದು ಮಜಾ. ಇಬ್ಬರು ಹಾವು ಮುಂಗುಸಿ ಹಾಗೆ ಕಚ್ಚಾಡಿದ್ದರೆ ಅದು 'ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಮುಕ್ತವಾಗಿ ಹಂಚಿಕೊಂಡರು' ಎಂದಾಗುತ್ತದೆ. ಒಬ್ಬರು ಕುರ್ಚಿ ಒದ್ದು ಹೊರಟುಹೋದರೆ 'ಅನ್ಯ ಕಾರ್ಯನಿಮಿತ್ತ ನಿರ್ಗಮಿಸಿದರು'. ಆದರೆ ಅವಳು ಮಾತ್ರ ಸಭೆಯಲ್ಲಿ ತುಟಿ ಎರಡು ಮಾಡುವವಳಲ್ಲ. "ನನ್ನದು ಕಿವಿ ಕೆಲಸ, ಬಾಯಿ ಕೆಲಸ ಅಲ್ಲ" ಅನ್ನುತ್ತಾಳೆ. ಮನೆಯ ಸಮಾರಂಭಗಳಲ್ಲೂ ಅಷ್ಟೇ. ನಗುತ್ತಾ ಮೂಲೆಯಲ್ಲಿ ಕೂತಿರುತ್ತಾಳೆ.

ನಾನು ಹೇಳಹೊರಟಿದ್ದು ನಮ್ಮಪ್ಪ ನಿವೃತ್ತಿಯಾದ ದಿನದ ಕತೆ. ಅಪ್ಪ ಮೂವತ್ತಮೂರು ವರ್ಷ ಸಿಟಿ ಬಸ್ಸು ಓಡಿಸಿದವರು. ಸಂಜೆ ಡಿಪೋ ಕ್ಯಾಂಟೀನಿನ ಮೇಲ್ಮಹಡಿಯ ಹಾಲಿನಲ್ಲಿ ಬೀಳ್ಕೊಡುಗೆ ಇತ್ತು. ದೀಪದ ಸರ ಕಟ್ಟಲು, ಕುರ್ಚಿ ಜೋಡಿಸಲು ಮೂರು ಗಂಟೆಗೇ ಬಾ ಎಂದು ಅಮ್ಮ ಅಕ್ಕನಿಗೆ ಕಟ್ಟಪ್ಪಣೆ ಮಾಡಿದ್ದಳು. ದೊಡ್ಡಮ್ಮನೋ ಅದೇ ದಿನ ಎರಡು ಸಭೆ ಒಪ್ಪಿಕೊಂಡು ಕೂತಿದ್ದಳು.

ಮೊದಲನೆಯದು ಬೆಳಗ್ಗೆ ಒಂಬತ್ತಕ್ಕೆ, ಒಂದು ವಸತಿ ಸಂಕೀರ್ಣದ ನಿವಾಸಿಗಳದ್ದು. ಲಿಫ್ಟಿನೊಳಗೆ ಕನ್ನಡಿ ಬೇಕೋ ಬೇಡವೋ ಎನ್ನುವುದು ವಿಷಯ. ಐದನೇ ಮಹಡಿಯ ಹಲ್ಲಿನ ಡಾಕ್ಟರು, "ಕನ್ನಡಿ ಹಾಕಿದರೆ ಜನ ತಲೆ ಬಾಚ್ಕೊಳ್ತಾ ಇಳಿಯೋದೇ ಮರೀತಾರೆ" ಅಂದರು. ನೆಲಮಹಡಿಯ ಟೈಲರಮ್ಮ, "ನಾನು ಲಿಫ್ಟೇ ಹತ್ತಲ್ಲ, ಆದರೂ ಕನ್ನಡಿ ಬೇಕು" ಅಂದರು. ಮುಕ್ಕಾಲು ಗಂಟೆ ಮಾತಾಡಿ ಕನ್ನಡಿ ಬೇಕೆಂದೇ ಆಯಿತು. ಎಷ್ಟು ಎತ್ತರದಲ್ಲಿ ಎಂಬುದು ಆಮೇಲೆ ಶುರುವಾಯಿತು. ಉದ್ದಕ್ಕಿರುವವರದ್ದು ಒಂದು ರಾಗ, ಕುಳ್ಳಗಿರುವವರದ್ದು ಇನ್ನೊಂದು. ಕೊನೆಗೆ ಯಾರೋ, "ಈ ಬರೆಯೋ ಅಮ್ಮ ಅತ್ತ ಉದ್ದಾನೂ ಅಲ್ಲ, ಇತ್ತ ಗಿಡ್ಡಾನೂ ಅಲ್ಲ" ಅಂದರು. ಹತ್ತು ಜನ ಸೇರಿ ದೊಡ್ಡಮ್ಮನನ್ನು ಲಿಫ್ಟಿಗೆ ಕರಕೊಂಡು ಹೋಗಿ ಗೋಡೆಗೆ ನಿಲ್ಲಿಸಿ, ಅವಳ ಮೂಗಿನ ನೇರಕ್ಕೆ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಅವಳು ಆಗಲೂ ತುಟಿಪಿಟಕ್ಕೆನ್ನಲಿಲ್ಲ. ಅಲ್ಲೇ ನಿಂತುಕೊಂಡೇ ಬರೆದುಕೊಂಡಳಂತೆ: 'ಎತ್ತರದ ವಿಷಯವನ್ನು ಸ್ಥಳ ಪರಿಶೀಲನೆಯ ನಂತರ ಇತ್ಯರ್ಥಪಡಿಸಲಾಯಿತು.'

ಅಲ್ಲಿಂದ ಎದ್ದುಬಿದ್ದು ಓಡಿದ್ದು ಪ್ರಿಂಟಿಂಗ್ ಪ್ರೆಸ್ಸಿಗೆ. ಅದು ಅಣ್ಣ ತಮ್ಮ ಇಬ್ಬರದ್ದು. ಅಣ್ಣನಿಗೆ ಅರವತ್ತು, ತಮ್ಮನಿಗೆ ಐವತ್ತೈದು. ಹಳೇ ಯಂತ್ರ ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಮಾತಿಗೆ ಜಗಳ ಹುಟ್ಟಿ, ನಾಲ್ಕು ವರ್ಷದಿಂದ ಮಾತಿಲ್ಲ. ಕೆಲಸ ಮಾತ್ರ ನಿಂತಿಲ್ಲ. ತಿಂಗಳಿಗೊಂದು ಸಭೆ ನಡೆಯಲೇಬೇಕು. ಉದ್ದ ಮೇಜಿನ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು, ನಡುವೆ ದೊಡ್ಡಮ್ಮ. ಅವಳ ಎದುರಿಗೆ ಬೈಂಡಿಂಗ್ ವಿಭಾಗದ ಹಿರಿಯ ಮೇಸ್ತ್ರಿ. ಆ ಅಣ್ಣತಮ್ಮಂದಿರ ತಂದೆ ಕಾಲದಿಂದ ಇದ್ದವರು.

ಮಾತೆಲ್ಲ ದೊಡ್ಡಮ್ಮನ ಮೂಲಕವೇ.

"ಬರ್ಕೊಳ್ಳೀಮ್ಮಾ. ಈ ಸಲದ ಕಾಗದ ಒರಟಾಗಿದೆ. ಆರಿಸಿದವರಿಗೆ ಕಣ್ಣು ಕಾಣಲ್ಲ ಅನ್ಸತ್ತೆ" ಎಂದು ಅಣ್ಣ.

"ಬರ್ಕೊಳ್ಳೀಮ್ಮಾ. ಕಾಗದ ಚೆನ್ನಾಗೇ ಇದೆ. ಮುಟ್ಟಿದವರ ಕೈ ಒರಟಿದೆ" ಎಂದು ತಮ್ಮ.

ಅವಳು 'ಕಾಗದದ ಗುಣಮಟ್ಟದ ಬಗ್ಗೆ ಚರ್ಚಿಸಲಾಯಿತು' ಎಂದು ಬರೆಯುತ್ತಿದ್ದಳು. ಅರ್ಧದಲ್ಲಿ ಪೆನ್ನು ಕೈಕೊಟ್ಟಿತು. ಇನ್ನೊಂದು ಪೆನ್ನು ಇರಬೇಕಿತ್ತಲ್ಲ, ಅದನ್ನು ಬೆಳಗ್ಗೆ ಲಿಫ್ಟಿನ ಗಲಾಟೆಯಲ್ಲಿ ಯಾರೋ ಇಸಕೊಂಡಿದ್ದರು. ಹೊರಗೆ ಪೀಪಾಯಿಗಟ್ಟಲೆ ಮಸಿ ಇದೆ, ಒಳಗೆ ಮೇಜಿನ ಮೇಲೆ ಒಂದು ಪೆನ್ನಿಲ್ಲ! ದೊಡ್ಡಮ್ಮ ಖಾಲಿ ಪೆನ್ನನ್ನು ಎತ್ತಿ ತೋರಿಸಿದಳು. ಅಣ್ಣ ತಮ್ಮ ಒಟ್ಟಿಗೇ ಎದ್ದು ಗೋಡೆಗೆ ಒರಗಿಸಿದ್ದ ಹಳೇ ಕಪಾಟಿನತ್ತ ಹೋದರು. ತಮ್ಮ ಬಗ್ಗಿ ಕೆಳಗಿನ ಡ್ರಾಯರ್ ಎಳೆದ.

"ಅದಲ್ಲ ಕಣೋ ಪುಟ್ಟಾ, ಮೇಲಿಂದು! ಅದು ಸಿಕ್ಕಾಕೊಳ್ಳತ್ತೆ, ಬೆರಳು ಜೋಪಾನ!"

ಅಣ್ಣನ ಬಾಯಿಂದ ಜಾರಿಹೋದ ಮಾತು. ತಲೆಯಲ್ಲಿ ಒಂದೂ ಕೂದಲಿಲ್ಲದ, ಇಬ್ಬರು ಮೊಮ್ಮಕ್ಕಳಿರುವ ಆ 'ಪುಟ್ಟ' ಬಗ್ಗಿದಲ್ಲೇ ನಿಂತ. ಮೇಸ್ತ್ರಿ ಮೇಜು ನೋಡುತ್ತಿದ್ದರು.

"ಗೊತ್ತು ಬಿಡೋ" ಎಂದ ತಮ್ಮ ಕೊನೆಗೆ, ತಿರುಗದೆ. "ಚಿಕ್ಕವನಿದ್ದಾಗ ನನ್ನ ಬೆರಳು ಇದರಲ್ಲೇ ಚಚ್ಚಿಹಾಕಿದ್ದು ನೀನೇ ಅಲ್ವಾ?"

"ನಾನಾ? ನಾನು ಮುಚ್ತಾ ಇದ್ದಾಗ ನೀನು ಬಂದು ಕೈ ಇಟ್ಟೆ! ಡಾಕ್ಟರ ಹತ್ರ ಹೊತ್ಕೊಂಡು ಓಡಿದ್ದು ಯಾರು?"

"ಹೊತ್ಕೊಂಡು ಓಡಿ ಮೋರಿಗೆ ಬೀಳಿಸಿದ್ದು ಯಾರು?"

ಮೇಸ್ತ್ರಿ ಫಕ್ಕನೆ ನಕ್ಕರು. ಅಣ್ಣ ತಮ್ಮಂದಿರಿಗೂ ತಡೆಯಲಾಗಲಿಲ್ಲ. ಆಮೇಲೆ ನೋಡಬೇಕು, ನಾಲ್ಕು ವರ್ಷದ ಮಾತೆಲ್ಲ ಕಟ್ಟೆ ಒಡೆದ ಹಾಗೆ ಬಂತು. ಜಗಳವೇ, ಆದರೆ ನೇರವಾಗಿ, ಮುಖಕ್ಕೆ ಮುಖ ಕೊಟ್ಟು ಆಡಿದ ಜಗಳ. ಮೇಸ್ತ್ರಿ ಮೇಲಿನ ಡ್ರಾಯರಿನಿಂದ ಪೆನ್ನು ತಂದು ದೊಡ್ಡಮ್ಮನ ಮುಂದಿಟ್ಟು, ಕಣ್ಣೊರೆಸಿಕೊಂಡು, ಪಿಸುದನಿಯಲ್ಲಿ, "ಬರೀಬೇಡೀಮ್ಮಾ, ಸುಮ್ನೆ ಕೇಳಿ" ಅಂದರು. ಅವಳು ಪುಸ್ತಕ ಮುಚ್ಚಿದಳು. ಊಟ ಮಾಡದೆ ಹೋಗಕೂಡದು ಎಂದು ಇಬ್ಬರೂ ಒಂದೇ ದನಿಯಲ್ಲಿ ಹಟ ಹಿಡಿದರು. ಅಣ್ಣನ ಡಬ್ಬಿಯಿಂದ ತಮ್ಮ ಬಡಿಸಿದ, ತಮ್ಮನ ಡಬ್ಬಿಯಿಂದ ಅಣ್ಣ.

ಇಷ್ಟೆಲ್ಲ ಆಗಿ ಹಾಲಿಗೆ ಬರುವಾಗ ಐದೂವರೆ. ಅಮ್ಮ ಸ್ಟೂಲಿನ ಮೇಲೆ ನಿಂತು ದೀಪದ ಸರದ ಜೊತೆ ಗುದ್ದಾಡುತ್ತಿದ್ದಳು.

"ಬಂದ್ಯಾ ಮಹಾರಾಣಿ? ಈಗ ಬಂದು ಹಾಜರಿ ಹಾಕೋದಕ್ಕಾ?"

"ಸುಮ್ನಿರೇ, ನಾಲ್ಕು ವರ್ಷದ ಗಂಟು ಬಿಚ್ಚೋದು ನೋಡ್ಕೊಂಡು ಬಂದಿದೀನಿ. ಇದೇನು ಮಹಾ" ಎಂದವಳೇ ಸರದ ಸಿಕ್ಕು ಬಿಡಿಸಲು ಕೂತಳು. ಮುಖ ಮಾತ್ರ ಹೊಳೆಯುತ್ತಿತ್ತು.

ಆರೂವರೆಗೆ ಹಾಲು ತುಂಬಿತು. ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು, ಅವರ ಮನೆಯವರು. ಇಸ್ತ್ರಿ ಅಂಗಿಯೊಳಗೆ ಅಪ್ಪ ಪರೀಕ್ಷೆಗೆ ಬಂದ ಹುಡುಗನ ಹಾಗೆ ಕೂತಿದ್ದರು. ಮೊದಲು ಮಾತಾಡಬೇಕಿದ್ದ ಡಿಪೋ ಮ್ಯಾನೇಜರು ಬಂದೇ ಇರಲಿಲ್ಲ. ಬಸ್ಸು ಸಿಗಲಿಲ್ಲವಂತೆ! ಎರಡನೆಯವರು ಹನ್ನೆರಡು ವರ್ಷ ಅಪ್ಪನ ಜೋಡಿಯಾಗಿದ್ದ ಕಂಡಕ್ಟರು. ನೂರು ಜನರ ಬಸ್ಸಿನಲ್ಲಿ ಗಂಟಲು ಹರಿದುಕೊಂಡು ಕೂಗುವ ಮನುಷ್ಯ, ಮೈಕಿನ ಮುಂದೆ ಚೀಟಿ ಬಿಚ್ಚಿ, "ನಮ್ಮ ಡ್ರೈವರ್ ಸಾಹೇಬ್ರು..." ಎಂದು ಅಲ್ಲಿಗೇ ನಿಂತು, ಗಳಗಳನೆ ಅತ್ತು, ಬಂದು ಕೂತುಬಿಟ್ಟರು.

ಮುಂದೆ ಯಾರೂ ಇಲ್ಲ. ಮೈಕು ಒಂಟಿಯಾಗಿ ನಿಂತಿತು. ಜನ ಕೆಮ್ಮತೊಡಗಿದರು. ಅಪ್ಪ ಚಪ್ಪಲಿ ನೋಡಿಕೊಂಡರು. ಅಮ್ಮ ದೊಡ್ಡಮ್ಮನ ತೊಡೆಗೆ ಚಿವುಟಿದಳು.

"ಅಕ್ಕಾ, ಏನಾದ್ರೂ ಮಾತಾಡೇ."

"ನಾನಾ? ನಿನಗೇನು ತಲೆ ಕೆಟ್ಟಿದ್ಯಾ?"

"ದಿನಾ ಸಭೆಗೆ ಹೋಗೋಳು ನೀನು, ನಾನಾ? ಏಳೇ!"

ಅಮ್ಮ ದೂಡಿದ ರಭಸಕ್ಕೆ ದೊಡ್ಡಮ್ಮ ಎದ್ದುನಿಂತಿದ್ದಳು. ನಿಂತ ಮೇಲೆ ಕೂರುವುದು ಹೇಗೆ? ಮೈಕಿನ ಹತ್ತಿರ ಹೋದಳು. ಆಧಾರಕ್ಕೆ ಇರಲಿ ಎಂಬಂತೆ ಚೀಲದಿಂದ ಪುಸ್ತಕ ತೆಗೆದು ಖಾಲಿ ಹಾಳೆ ನೋಡುತ್ತಾ ನಿಂತಳು. ಆಮೇಲೆ ಓದುವ ದನಿಯಲ್ಲಿ ಶುರುಮಾಡಿದಳು.

"ಮೂವತ್ತೊಂದು ವರ್ಷದ ಹಿಂದೆ ನಡೆದ ಸಭೆ. ಸ್ಥಳ, ನಮ್ಮಮ್ಮನ ಅಡುಗೆಮನೆ. ಹಾಜರಿದ್ದವರು ನಮ್ಮಮ್ಮ, ನಾನು, ನನ್ನ ತಂಗಿ. ವಿಷಯ, ತಂಗಿಗೆ ಒಬ್ಬ ಬಸ್ ಡ್ರೈವರು ಇಷ್ಟವಾಗಿದಾರೆ. ಅಕ್ಕ, ಅಂದ್ರೆ ನಾನು, ಖಂಡತುಂಡವಾಗಿ ವಿರೋಧಿಸಿದೆ."

ಅಪ್ಪ ತಲೆ ಎತ್ತಿದರು.

"ಆ ಮನುಷ್ಯ ಎಂಥವನು ಅಂತ ನೋಡೋಣ ಅಂತ ಆಫೀಸಿಗೆ ಐದು ದಿನ ರಜ ಹಾಕಿ ಅವರ ಬಸ್ಸಲ್ಲೇ ಓಡಾಡಿದೆ. ತಲೆಗೆ ಸ್ಕಾರ್ಫು, ಕಪ್ಪು ಕನ್ನಡಕ, ಕೊನೇ ಸೀಟು. ಏನಾದ್ರೂ ತಪ್ಪು ಸಿಗತ್ತಾ ಅಂತ ಹದ್ದಿನ ಹಾಗೆ ಕಾದೆ. ಮೊದಲ ದಿನ ಒಬ್ಬ ತಾತ ದೂರದಿಂದ ಓಡಿಬರ್ತಿದ್ರು, ಬಸ್ಸು ನಿಲ್ಲಿಸಿ ಕಾದ್ರು. ಮೂರನೇ ದಿನ ಒಂದು ಮಗು ಅತ್ತೂ ಅತ್ತೂ ಆಗ ತಾನೇ ನಿದ್ದೆಹೋಗಿತ್ತು. ಅಲ್ಲಿಂದ ಮುಂದೆ ಒಂದು ಹಾರ್ನ್ ಹೊಡೀಲಿಲ್ಲ. ಉಬ್ಬುಗಳ ಮೇಲೆ ಬಸ್ಸನ್ನ ಎತ್ತಿ ಇಟ್ಟ ಹಾಗೆ ದಾಟಿಸಿದ್ರು. ಐದನೇ ದಿನ ಕೊನೇ ಸ್ಟಾಪಲ್ಲಿ ಎಲ್ಲರೂ ಇಳಿದ ಮೇಲೆ ನನ್ನ ಹತ್ರಾನೇ ಬಂದ್ರು. ಸಿಕ್ಕಿಬಿದ್ದೆ ಅಂದ್ಕೊಂಡೆ. 'ಅಮ್ಮಾ, ಐದು ದಿನದಿಂದ ನೋಡ್ತಿದೀನಿ, ಹೋಗೋ ಜಾಗ ಮರೆತುಹೋಗಿದ್ಯಾ? ಮನೆ ಎಲ್ಲಿ ಹೇಳಿ, ಡ್ಯೂಟಿ ಮುಗಿಸಿ ನಾನೇ ಬಿಟ್ಟುಬರ್ತೀನಿ' ಅಂದ್ರು."

ಹಾಲಿನ ಸೂರು ಹಾರಿಹೋಗುವ ಹಾಗೆ ನಗು.

"ಅವತ್ತೇ ಮನೆಗೆ ಹೋಗಿ ವಿರೋಧ ವಾಪಸ್ ತಗೊಂಡೆ. ಮದುವೆ ಸರ್ವಾನುಮತದಿಂದ ಅಂಗೀಕಾರ ಆಯ್ತು."

ಅಪ್ಪ ಕುರ್ಚಿಯಿಂದ ಎದ್ದೇ ನಿಂತಿದ್ದರು. "ಅದು ನೀವಾ ಅತ್ತಿಗೆ? ಅಯ್ಯೋ! ಆ ಅಮ್ಮ ಆಮೇಲೆ ಬರ್ಲೇ ಇಲ್ಲ, ಎಲ್ಲಿ ದಾರಿ ತಪ್ಪಿದ್ರೋ ಅಂತ ನಾನು ಎಷ್ಟು ದಿನ ಒದ್ದಾಡಿದೀನಿ!"

"ಆಫೀಸಿಗೆ ಅಂತ ದಿನಾ ಡಬ್ಬಿ ಕಟ್ಟಿಸ್ಕೊಂಡು ಹೋಗಿದ್ಯಲ್ಲೇ!" ಎಂದು ಅಮ್ಮ ಕೂತಲ್ಲಿಂದಲೇ ಕೂಗಿದಳು. "ಬೆಳಗ್ಗೆ ಎದ್ದು ಕಟ್ಟಿದ್ದು ನಾನು!"

"ಚೆನ್ನಾಗಿತ್ತು, ಕೊನೇ ಸೀಟಲ್ಲೇ ಕೂತು ತಿಂದೆ" ಎಂದಳು ದೊಡ್ಡಮ್ಮ ಮೈಕಿನಲ್ಲೇ.

ಕಂಡಕ್ಟರು ಈಗ ನಗುತ್ತಾ ಅಳುತ್ತಿದ್ದರು. ಮ್ಯಾನೇಜರು ಬೆವರೊರೆಸಿಕೊಳ್ಳುತ್ತಾ ಒಳಗೆ ಬಂದಾಗ ಜನ ಶಿಳ್ಳೆ ಹೊಡೆಯುತ್ತಿದ್ದರು. ಪಾಪ, ತಮಗೇ ಎಂದುಕೊಂಡು ಕೈಮುಗಿದರು. ದೊಡ್ಡಪ್ಪನಂತೂ ಬೆಪ್ಪಾಗಿ, "ಮೂವತ್ತು ವರ್ಷ ಸಂಸಾರ ಮಾಡಿದೀನಿ, ನನಗೂ ಹೇಳಿಲ್ಲ ಇವಳು" ಎಂದು ಅಕ್ಕಪಕ್ಕದವರಿಗೆಲ್ಲ ದೂರಿದರು. ದೂರುತ್ತಲೇ ಹೆಮ್ಮೆಯಿಂದ ಉಬ್ಬಿದ್ದರು.

ಆಮೇಲೆ ಹಾಡು, ಕೇಕು, ಕುಣಿತ. ಅಪ್ಪನಿಗೆ ಕುಣಿಯಲು ಬರುವುದಿಲ್ಲ, ಆದರೂ ಮೆಕ್ಯಾನಿಕ್ಕುಗಳು ಎತ್ತಿಕೊಂಡು ಕುಣಿಸಿದರು. ನಾನು ತಟ್ಟೆಗಳನ್ನು ಒಯ್ಯುವಾಗ ನೋಡಿದೆ, ಅಕ್ಕ ತಂಗಿ ಇಬ್ಬರೂ ಹಾಲಿನ ಮೆಟ್ಟಿಲ ಮೇಲೆ ಚಪ್ಪಲಿ ಕಳಚಿಟ್ಟು, ಕಾಲು ಚಾಚಿ, ಒಂದೇ ತಟ್ಟೆಯಿಂದ ಕೇಕು ಮುರಿದು ತಿನ್ನುತ್ತಿದ್ದರು.

"ಇನ್ನೂ ಏನೇನು ಮುಚ್ಚಿಟ್ಟಿದೀಯೇ ಹೊಟ್ಟೇಲಿ?" ಎಂದು ಅಮ್ಮ ಕೇಳಿದಳು.

ದೊಡ್ಡಮ್ಮ ಬೆರಳು ನೆಕ್ಕಿಕೊಂಡು ಯೋಚಿಸಿದಳು.

"ಬೇಕಾದಷ್ಟಿದೆ. ನಿನ್ನ ಗಂಡನ ಕುಣಿತ ಮುಗೀಲಿ ಇರು, ಒಂದೊಂದಾಗಿ ಹೇಳ್ತೀನಿ" ಎಂದು ಇನ್ನೊಂದು ತುಂಡು ಕೈಗೆತ್ತಿಕೊಂಡಳು.